ಗಾಡಿಯ ಹಿಂಬದಿಯ ಸಣ್ಣ ಕೋಣೆ

4-11-2024, ಸೋಮವಾರ

ಸುಬಹಿ ನಮಾಜು ಆಯಿತು. ಸಕ್ಕರೆ ಕಾಯಿಲೆಯ ಮಾತ್ರೆ ಆಯಿತು. ಕೋಳಿಗೂಡು ತೆರೆದಾಯಿತು. ಫೌಝಿಯಾ ಮಾಡಿದ ಪತ್ತಿರ್ ರೊಟ್ಟಿ ಅಂಚಿನಲ್ಲಿ ಒಣಗಿತ್ತು. ಹೇಳಿದೆ. ಸೊಸೆ ಪಾತ್ರೆ ಸ್ವಲ್ಪ ಜೋರಾಗಿ ಇಟ್ಟಳು.

ಕಾಣಿಯೂರಿನ ಮದುವೆಗೆ ಹೋಗಲಿಲ್ಲ. ಗಂಟು ನೋವು ಎಂದು ಹೇಳಿ ಕಳಿಸಿದೆ. ಗಂಟಿನಲ್ಲಿ ಏನೂ ಇಲ್ಲ. ಯಾರಲ್ಲೂ ಹೇಳಲಾಗದ್ದನ್ನು ಇಲ್ಲಿ ಬರೆಯಬಹುದು — ಮೂತ್ರ ತಡೆಯುವುದಿಲ್ಲ. ಸವಣೂರಿನಲ್ಲಿ ಬಸ್ಸು ಹತ್ತಿದರೆ ಪುತ್ತೂರು ಮುಟ್ಟುವುದರೊಳಗೆ ಮೈಯೆಲ್ಲ ಬೆವರು. ಕಾರಿನಲ್ಲಿ ಹೋದರೆ ಮಗನಲ್ಲಿ "ನಿಲ್ಲಿಸು" ಎನ್ನಬೇಕು. ಯಾವುದೋ ಹೋಟೆಲಿಗೆ ನುಗ್ಗಿ ಕೌಂಟರಿನವನಲ್ಲಿ ಕೇಳಬೇಕು. ಎರಡು ಬಸ್ಸಿನ ಧಣಿ ಅಬ್ದುಲ್ ರಹ್ಮಾನ್ ಹಾಜಿಯವರ ಹೆಂಡತಿ, ಕಕ್ಕಸು ಎಲ್ಲಿ ಎಂದು ಕೇಳಿಕೊಂಡು...

ಹಾಗಾಗಿ ಎಲ್ಲಿಗೂ ಹೋಗುವುದಿಲ್ಲ. ಅಂಗಳದಿಂದ ಗೇಟಿಗೆ, ಗೇಟಿನಿಂದ ಅಂಗಳಕ್ಕೆ. ಕೂತರೆ ಕಾಲು ಕೇಳುವುದಿಲ್ಲ.

ಹಾಸನದಲ್ಲಿ ಮಗಳು ಸಫೂರಾ ಹೆತ್ತು ಹತ್ತು ತಿಂಗಳಾಗುತ್ತ ಬಂತು. ಎರಡನೆಯದು, ಹೆಣ್ಣು. ನಲವತ್ತನೆಯ ದಿನದ ಕಾರ್ಯಕ್ಕೂ ಹೋಗಲಿಲ್ಲ. ಮಗುವಿಗೆ ಬಟ್ಟೆ, ಚಿನ್ನದ ಬಳೆ ಎಲ್ಲ ಮಗನ ಕೈಯಲ್ಲಿ ಕಳಿಸಿದೆ. ಫೋನಿನಲ್ಲಿ ಅವಳು ಬಳೆಯ ಮಾತೇ ಎತ್ತಲಿಲ್ಲ.

9-11-2024

ಜಾಸಿರ್ ಒಂದು ಟೆಂಪೋ ಟ್ರಾವೆಲರ್ ತಂದು ಅಂಗಳದಲ್ಲಿ ನಿಲ್ಲಿಸಿದ್ದಾನೆ. ಸೆಕೆಂಡ್ ಹ್ಯಾಂಡ್. ಸೌದಿಯ ದಮ್ಮಾಮಿನ ವರ್ಕ್‌ಶಾಪಿನ ಕೆಲಸ ಬಿಟ್ಟು ಬಂದ ಮೇಲೆ ಇವನ ಕೈಯೂ ಸುಮ್ಮನಿರುವುದಿಲ್ಲ. ನನ್ನ ಮಗನೇ.

"ಇದ್ರಲ್ಲಿ ಮನೆ ಮಾಡುದು ಉಮ್ಮ. ಕ್ಯಾಂಪರ್ ವ್ಯಾನ್. ಮಲಗ್ಲಿಕ್ಕೆ ಹಾಸಿಗೆ, ಸಣ್ಣ ಒಲೆ, ಸಿಂಕ್. ಹಿಂದೆ ಟಾಯ್ಲೆಟ್."

"ಎಂತ?"

"ಟಾಯ್ಲೆಟ್. ಬಾಗಿಲೆಲ್ಲ ಉಂಟು."

ಪೆರಾಬೆಯಿಂದ ನಾದಿನಿ ನೆಬೀಸ ಬಂದು ಕೂತಿದ್ದಳು. ಅವಳ ಎದುರು ನನ್ನ ಮುಖದಲ್ಲಿ ಏನಾದರೂ ಕಂಡುಬಿಡುತ್ತದೋ ಎಂದು ಹೆದರಿ ಬಾಯಿ ಮುಂದೆ ಓಡಿತು. "ನಿನ್ನ ಉಪ್ಪ ಬಸ್ಸು ಬಿಟ್ಟದ್ದು ಜನ ಕೂರ್ಲಿಕ್ಕೆ. ನೀನು ಚಕ್ರದ ಮೇಲೆ ಕಕ್ಕಸು ಕಟ್ಟುದಾ?"

ನೆಬೀಸ ತಲೆವಸ್ತ್ರದ ತುದಿ ಬಾಯಿಗಿಟ್ಟು ನಕ್ಕಳು. ಫೌಝಿಯಾ ಕೂಡ. ಜಾಸಿರನ ಮುಖ ಸಣ್ಣದಾಯಿತು.

ಬೇಡ ಎಂದು ಮಾತ್ರ ನಾನು ಹೇಳಲಿಲ್ಲ.

ಸಂಜೆ ಯಾರೂ ಇಲ್ಲದಾಗ ಹೋಗಿ ಗಾಡಿಯ ಹಿಂಬದಿ ನೋಡಿದೆ. ಬರೀ ತಗಡು. ಅಲ್ಲೇ ನಿಂತೆ. ಕಡಬ, ಪೆರಿಯಶಾಂತಿ, ಗುಂಡ್ಯ, ಸಕಲೇಶಪುರ, ಹಾಸನ...

23-11-2024

ಸೀಟಿನ ಜಗಳ. ನಾಲ್ಕು ಸೀಟು ಬಿಟ್ಟು ಉಳಿದದ್ದೆಲ್ಲ ಬಿಚ್ಚುತ್ತೇನೆ ಎಂದ ಜಾಸಿರ್. ನೆಬೀಸ ಎದುರಿಗೇ ಇದ್ದಳು. "ಉಳಿದವ್ರು ಎಂತ, ಹಿಂದಿನ ಏಣಿಯಲ್ಲಿ ನೇತಾಡ್ಕೊಂಡು ಬರುದಾ?" ಎಂದಳು.

ಹಾಜಿಯವರು ಬದುಕಿದ್ದಾಗ ಡ್ರೈವರನ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಕೂತು ಬೇರೆಯವರಿಗೆ ಸೀಟು ಬಿಟ್ಟುಕೊಟ್ಟವರು. ಅದನ್ನು ಹೇಳಿದೆ. "ಈ ಮನೆಯ ಗಾಡಿ ಹೊರಟಾಗ ಜಾಗ ಇಲ್ಲ ಅಂತ ಯಾರಿಗೂ ಹೇಳಿದ್ದಿಲ್ಲ. ಸೀಟು ಇರ್ಲಿ."

"ಹಾಸಿಗೆ ಎಲ್ಲಿ ಹಾಕುದು ಉಮ್ಮ?"

"ಸೀಟಿನ ಮೇಲೆ ಬಿಚ್ಚಿ ಹಾಕುವ ಹಾಗೆ ಮಾಡು. ಅಷ್ಟು ವರ್ಷ ದಮ್ಮಾಮಿನಲ್ಲಿ ಎಂತ ಕಲ್ತದ್ದು?"

ಮಾಡಿದ. ಹನ್ನೆರಡು ಸೀಟು ಉಳಿಯಿತು. ನೆಬೀಸ ಕಡಬದಿಂದ ಬೆಳ್ಳಾರೆಯವರೆಗೆ ಸುದ್ದಿ ಮುಟ್ಟಿಸಿದಳು — ಅತ್ತಿಗೆಯ ಗಾಡಿಯಲ್ಲಿ ಎಲ್ಲರಿಗೂ ಸೀಟು ಉಂಟು. ಒಬ್ಬರಿಗೆ ಉಳ್ಳಾಲಕ್ಕೆ ಹೋಗಬೇಕು, ಇನ್ನೊಬ್ಬರಿಗೆ ಅಜ್ಮೀರ್.

ಹಾಸನ ಎಂದು ಯಾರೂ ಹೇಳಲಿಲ್ಲ.

12-12-2024, ಗುರುವಾರ

ಗಾಡಿಯ ಒಳಗಿನ ಕೆಲಸ ಮುಗಿಯಿತು. ಹಿಂಬದಿಯಲ್ಲಿ ಬಿಳಿ ಬಾಗಿಲು, ಒಳಗೆ ಬೋಲ್ಟು. ಬೋಲ್ಟು ಎರಡು ಸಲ ಹಾಕಿ ತೆಗೆದು ನೋಡಿದೆ.

ಪುತ್ತೂರಿನಿಂದ ಯಜ್ಞೇಶ್ವರ ಬಂದ. ಆರ್‌ಟಿಒ ಏಜೆಂಟ್. ಹಾಜಿಯವರ ಬಸ್ಸಿನ ಕೆಲಸವೆಲ್ಲ ಇವನೇ ಮಾಡುತ್ತಿದ್ದದ್ದು. ಗಾಡಿ ಹತ್ತಿ, ಸುತ್ತ ನೋಡಿ, ಇಳಿದು ತಲೆ ಕೆರೆದುಕೊಂಡ.

"ಹಜ್ಜುಮ್ಮ, ಇದನ್ನು ಎಂತ ಅಂತ ಬರೆಸುದು?"

"ಕ್ಯಾಂಪರ್ ಅಂತ," ಎಂದ ಜಾಸಿರ್.

"ಕ್ಯಾಂಪರಿನಲ್ಲಿ ಹನ್ನೆರಡು ಸೀಟಾ ಮಾರಾಯ? ಇದು ಮಿನಿ ಬಸ್ಸು."

"ಹಾಗಾದ್ರೆ ಬಸ್ಸು ಅಂತಲೇ ಇರ್ಲಿ."

"ಬಸ್ಸಿನಲ್ಲಿ ಒಲೆ, ಕಕ್ಕಸು ಇರ್ತದಾ? ಇದ್ದಿದ್ರೆ ನಾನು ಮನೆಗೇ ಹೋಗ್ತಿರ್ಲಿಲ್ಲ."

ಆಮೇಲೆ ಕೂತು ವಿವರಿಸಿದ. ಆರ್‌ಸಿಯಲ್ಲಿ ಗಾಡಿ ಯಾವ ವರ್ಗದ್ದು ಎಂದು ಬರೆದಿದೆಯೋ ಅದರ ಮೇಲೆ ರೋಡ್ ಟ್ಯಾಕ್ಸ್. ಬಸ್ಸಾದರೆ ಸೀಟಿನ ಲೆಕ್ಕ. ಕ್ಯಾಂಪರ್ ಆದರೆ ಲೆಕ್ಕವೇ ಬೇರೆ. ಅದರಲ್ಲೂ ಸ್ವಂತಕ್ಕೆ ಒಂದು, ಬಾಡಿಗೆಗೆ ಇನ್ನೊಂದು. ಒಳಗೆ ಇಷ್ಟೆಲ್ಲ ಬದಲಾಯಿಸುವ ಮೊದಲೇ ಅಪ್ಪಣೆ ಕೇಳಬೇಕಿತ್ತು. ಅದನ್ನೂ ಜಾಸಿರ್ ಕೇಳಿಲ್ಲ. ಈಗ ಎರಡರಲ್ಲಿ ಒಂದು. ನಾಲ್ಕು ಸೀಟು ಇಟ್ಟು ಉಳಿದದ್ದು ತೆಗೆದರೆ ಕ್ಯಾಂಪರ್ ಎಂದು ಬರೆಸಲು ನೋಡಬಹುದು. ಇಲ್ಲವಾದರೆ ಒಲೆ, ಟಾಯ್ಲೆಟ್ ಕಿತ್ತು ಮೊದಲಿನ ಹಾಗೆ ಬಸ್ಸಾಗಿಯೇ ಇಟ್ಟುಕೊಳ್ಳಬೇಕು.

"ಎರಡೂ ಇಟ್ಕೊಂಡು ಓಡಿಸಿದ್ರೆ?" ಎಂದ ಜಾಸಿರ್.

"ಓಡಿಸು. ಘಾಟಿಯಲ್ಲಿ ಹಿಡಿದ್ರೆ ಬಾಕಿ ಟ್ಯಾಕ್ಸು, ದಂಡ, ಗಾಡಿಯೂ ಅಲ್ಲೇ. ಹಾಜಿಯವ್ರು ಒಂದು ದಿನ ತಡ ಮಾಡಿ ಟ್ಯಾಕ್ಸು ಕಟ್ಟಿದವ್ರಲ್ಲ." ಹೇಳಿದ್ದು ಅವನಿಗೆ, ನೋಡಿದ್ದು ನನ್ನನ್ನು.

ನೋಡಬೇಕಾಗಿರಲಿಲ್ಲ. ಸುಳ್ಳು ಬರೆಸಿದ ಗಾಡಿಯಲ್ಲಿ ನಾನು ಕೂರುವವಳಲ್ಲ.

13-12-2024, ಶುಕ್ರವಾರ

ಜುಮಾ ಮುಗಿಸಿ ಎಲ್ಲರೂ ಊಟಕ್ಕೆ ಬಂದರು. ಅನ್ನದ ಬಟ್ಟಲು ಖಾಲಿಯಾಗುವ ಮೊದಲೇ ತೀರ್ಮಾನವಾಯಿತು. ಸೀಟು ಉಳಿಸಿ ಒಲೆ, ಟಾಯ್ಲೆಟ್ ತೆಗೆಯುವುದು.

ನೆಬೀಸಳದ್ದೇ ದೊಡ್ಡ ಸ್ವರ. "ಜನ ಕೂರುವಲ್ಲಿ ಕಕ್ಕಸು ಒಂದು ಅಸಹ್ಯ. ಅತ್ತಿಗೆ ಅವತ್ತೇ ಹೇಳಿದ್ದಾರೆ, ಚಕ್ರದ ಮೇಲೆ ಕಕ್ಕಸು ಅಂತ." ಎಲ್ಲರೂ ಇನ್ನೊಮ್ಮೆ ನಕ್ಕರು.

"ಉಮ್ಮನಿಗೆ ಮೊದಲೇ ಮನಸ್ಸಿರ್ಲಿಲ್ಲ," ಎಂದ ಜಾಸಿರ್. "ಸೋಮವಾರ ಬಿಚ್ತೇನೆ."

ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ಮಾತು ಸಾಕಿತ್ತು. ಯಾಕೆ ಎಂದು ಕೇಳಿದರೆ? ನೆಬೀಸ ಕೇಳದೆ ಬಿಡುವವಳಲ್ಲ. ಕೇಳಿದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವವಳೂ ಅಲ್ಲ.

"ನಿಮಗೆ ಹೇಗೆ ಬೇಕೋ ಹಾಗೆ," ಎಂದೆ.

ಈ ಮನೆಗೆ ಬಂದ ಮೇಲೆ ನಾನು ಆ ಮಾತು ಆಡಿದ್ದು ಮೊದಲ ಸಲ. ಯಾರಿಗೂ ಗೊತ್ತಾಗಲಿಲ್ಲ. ಫೌಝಿಯಾ ಮಾತ್ರ ಸೌಟು ಹಿಡಿದುಕೊಂಡು ನನ್ನನ್ನೇ ನೋಡಿದಳು.

15-12-2024, ಭಾನುವಾರ

ಸಫೂರಾ ಫೋನ್ ಮಾಡಿದಳು.

"ಮಗು ಗೋಡೆ ಹಿಡ್ಕೊಂಡು ಹೆಜ್ಜೆ ಇಡ್ತಾಳೆ ಉಮ್ಮ. ನಿಮಗೆ ಬರ್ಲಿಕ್ಕಾಗುದಿಲ್ಲ, ಗೊತ್ತುಂಟು."

"ಗಂಟು ನೋವು ಮಗಳೇ."

"ಗಂಟು ನೋವಿನವ್ರು ಇಡೀ ದಿನ ಅಂಗಳದಲ್ಲಿ ನಡೀತಾರಾ? ಫೌಝಿಯಾ ಹೇಳಿದ್ಲು."

ಫೋನು ಇನ್ನೊಂದು ಕಿವಿಗೆ ಹಿಡಿದೆ.

"ನಮ್ಮದು ಬಾಡಿಗೆ ಮನೆ. ಚಪ್ಪಲಿ ಅಂಗಡಿ. ಹಾಜಿಯವ್ರ ಮನೆಯವ್ರಿಗೆ ಸಣ್ಣದಾಗ್ತದೆ. ಶಫೀಕ್ ಬಾಯಿ ಬಿಟ್ಟು ಎಂತದೂ ಹೇಳುದಿಲ್ಲ. ಬಳೆ ಮಾತ್ರ ಹಾಕ್ಲಿಕ್ಕೆ ಬಿಡ್ಲಿಲ್ಲ. ಅಜ್ಜಿ ಬಂದು ಹಾಕ್ಲಿ ಅಂತ ಕಪಾಟಿನಲ್ಲಿ ಇಟ್ಟಿದ್ದಾರೆ."

ಅಳಿಯ ಶಫೀಕನ ಮನೆ ಸಣ್ಣದೆಂದು ನಾನು ಯಾವತ್ತೂ ಎಣಿಸಿದವಳಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಇನ್ನೊಂದನ್ನೂ ಹೇಳಬೇಕು. ಅಷ್ಟರಲ್ಲಿ ಅವಳು ಫೋನ್ ಇಟ್ಟುಬಿಟ್ಟಳು.

ಬಳೆಯ ಅಳತೆ ಹುಟ್ಟಿದ ಮಗುವಿನದ್ದು. ಕೈ ಬೆಳೆಯುತ್ತಾ ಇರುತ್ತದೆ. ಇನ್ನೆಷ್ಟು ದಿನ ಹಿಡಿಸೀತು.

ಗೇಟಿಗೆ ಹೋದೆ. ಬಂದೆ. ಮತ್ತೆ ಹೋದೆ.

16-12-2024, ಬೆಳಗ್ಗೆ

ಜಾಸಿರ್ ಸ್ಪ್ಯಾನರ್ ಹಿಡಿದು ಗಾಡಿ ಹತ್ತಿದ್ದ. ಬಿಳಿ ಬಾಗಿಲಿನ ಒಂದು ತಿರುಪು ಆಗಲೇ ನೆಲದಲ್ಲಿತ್ತು.

"ನಿಲ್ಲಿಸು. ಸೀಟು ಬಿಚ್ಚು."

"ಸೀಟು ಇರ್ಲಿ ಅಂತ ಹೇಳಿದ್ದು ನೀವೇ ಅಲ್ವಾ?"

"ನಾನೇ. ಈಗ ಬಿಚ್ಚು ಅಂತ ಹೇಳುದೂ ನಾನೇ."

"ಇದು ಯಾರಿಗೆ ಬೇಕು ಉಮ್ಮ? ನೀವೇ ತಮಾಷೆ ಮಾಡಿದ್ದು—"

"ನನಗೆ."

ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಸ್ಪ್ಯಾನರ್ ಮೆಲ್ಲ ಕೆಳಗಿಟ್ಟ. ನನ್ನ ಮುಖ ನೋಡಲಿಲ್ಲ. ಅಷ್ಟು ಮರ್ಯಾದೆ ಕಲಿಸಿದ್ದೇನೆ.

"ಹಾಸನಕ್ಕೆ ಹೋಗದ್ದು ಇದಕ್ಕಾ?"

"ಸೀಟಿನ ಬೋಲ್ಟಿನ ತೂತು ಸರಿಯಾಗಿ ಮುಚ್ಚು. ನೀರು ಇಳಿದ್ರೆ ತುಕ್ಕು ಹಿಡೀತದೆ."

"ನೆಬೀಸ ಮಾಮಿಗೆ ಎಂತ ಹೇಳುದು?"

"ನಾನು ಹೇಳ್ತೇನೆ."

ಎಂಟು ಸೀಟು ಅಂಗಳದಲ್ಲಿ ಸಾಲಾಗಿ ಕೂತಿವೆ. ಕೋಳಿಗಳು ಹತ್ತಿ ಕೂತಿವೆ. ಯಾರಿಗೂ ಜಾಗ ಇಲ್ಲ ಎನ್ನಲಿಲ್ಲ.

ನೆಬೀಸಳಿಗೆ ಇನ್ನೂ ಹೇಳಿಲ್ಲ.

8-1-2025, ಬುಧವಾರ

ಯಜ್ಞೇಶ್ವರ ತಡವಾಗಿಯಾದರೂ ಅಪ್ಪಣೆಗೆ ಅರ್ಜಿ ಹಾಕಿಸಿದ್ದ. ಇವತ್ತು ಪುತ್ತೂರಿನಲ್ಲಿ ಗಾಡಿ ತೋರಿಸುವುದು. ಗಾಡಿ ನನ್ನ ಹೆಸರಿನಲ್ಲಿದೆ, ಬಂದರೆ ಒಳ್ಳೆಯದು ಎಂದ. ನೆಬೀಸ ನಿನ್ನೆಯೇ ಬಂದು ಉಳಿದಿದ್ದಳು. ಸೀಟು ಹೋದ ಸಿಟ್ಟು ಮುಖದಲ್ಲಿ ಹಾಗೇ ಇತ್ತು. "ಪುತ್ತೂರಿನವರೆಗಾದ್ರೂ ಕೂತು ನೋಡ್ತೇನೆ," ಎಂದು ಹತ್ತಿದಳು. ಟಾಯ್ಲೆಟ್ಟಿನ ಟ್ಯಾಂಕಿಗೆ ಇನ್ನೂ ನೀರು ತುಂಬಿಸಿರಲಿಲ್ಲ. ಬೆಳಗ್ಗಿನಿಂದ ಒಂದು ಗುಟುಕು ಕುಡಿಯದೆ ಹೋದೆ.

ಇನ್ಸ್‌ಪೆಕ್ಟರ್ ಸಣ್ಣ ಪ್ರಾಯದವರು. ಟೇಪು ಹಿಡಿದು ಅಳೆದರು. ಸೀಟು ಎಣಿಸಿದರು. ಒಲೆ ಉರಿಸಿ ನೋಡಿದರು. ಬಿಳಿ ಬಾಗಿಲು ದೂಡಿ ನೋಡಿದರು.

"ಬಾಡಿಗೆಗೆ ಬಿಡ್ತೀರಾ?"

"ಇಲ್ಲ ಸರ್. ನಮಗೇ ಹಾಸನಕ್ಕೆ ಹೋಗ್ಲಿಕ್ಕೆ," ಎಂದ ಜಾಸಿರ್.

"ಎಲ್ರೂ ಹಾಗೇ ಹೇಳುದು. ಸ್ವಂತಕ್ಕೆ ಅಂತ ಬರೆಸಿ, ಮತ್ತೆ ಟೂರಿಸ್ಟಿನವ್ರಿಗೆ ಕೊಡುದು. ಟ್ಯಾಕ್ಸಿನ ವ್ಯತ್ಯಾಸ ಉಂಟಲ್ಲ. ಹಾಸನಕ್ಕೆ ಹೋಗ್ಲಿಕ್ಕೆ ಯಾರಾದ್ರೂ ಇಷ್ಟೆಲ್ಲ ಕಟ್ತಾರಾ? ಯಾರ ಉಪಯೋಗಕ್ಕೆ ಇದು?"

ಜಾಸಿರ್ ನನ್ನನ್ನು ನೋಡಿದ. "ಮಕ್ಕಳು ಸಣ್ಣವ್ರು ಸರ್, ದಾರಿಯಲ್ಲಿ..." ಎಂದು ಶುರು ಮಾಡಿದ. ನನ್ನ ಮರ್ಯಾದೆಗಾಗಿ ಸುಳ್ಳು ಹೇಳುತ್ತಿದ್ದಾನೆ. ಹಾಜಿಯವರು ಯಾವ ಆಫೀಸಿನಲ್ಲಿ ತಲೆ ಎತ್ತಿ ನಿಲ್ಲುತ್ತಿದ್ದರೋ ಅಲ್ಲಿ.

"ನನಗೆ," ಎಂದೆ. ಮೆಲ್ಲ ಹೇಳಬೇಕೆಂದಿದ್ದೆ, ಸ್ವರ ದೊಡ್ಡದಾಗಿಯೇ ಬಂತು. "ಸಕ್ಕರೆ ಕಾಯಿಲೆ ಉಂಟು. ಅರ್ಧ ಗಂಟೆ ತಡೆಯುದಿಲ್ಲ. ಹಾಸನದಲ್ಲಿ ಮಗಳಿದ್ದಾಳೆ, ಮೊಮ್ಮಗಳನ್ನು ಇನ್ನೂ ನೋಡಿಲ್ಲ. ಅದಕ್ಕೆ ಕಟ್ಟಿಸಿದ್ದು. ಬರ್ಕೊಳ್ಳಿ."

ಯಜ್ಞೇಶ್ವರ ಟಯರು ನೋಡತೊಡಗಿದ. ನೆಬೀಸಳ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಇನ್ಸ್‌ಪೆಕ್ಟರ್ ಟೇಪು ಸುತ್ತಿದರು. "ನೆರಳಿಗೆ ಬನ್ನಿ ಅಮ್ಮ. ಬಿಸಿಲುಂಟು," ಎಂದರು. ಅಷ್ಟೇ.

ನೆಲ ಬಿರಿಯಲಿಲ್ಲ. ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ವಾಪಸು ಬರುವಾಗ ನೆಬೀಸ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಮದುವೆಯಾದಂದಿನಿಂದ ಅವಳನ್ನು ಹೀಗೆ ಕಂಡದ್ದಿಲ್ಲ. ಸವಣೂರು ಪೇಟೆ ಕಂಡಾಗ ಹೇಳಿದಳು.

"ಅತ್ತಿಗೆ, ಪೆರಾಬೆಯಿಂದ ನಿಮ್ಮಲ್ಲಿಗೆ ಬರುವ ದಿನ ನಾನೂ ಬೆಳಗ್ಗಿನಿಂದ ನೀರು ಕುಡಿಯುದಿಲ್ಲ."

"ಮತ್ತೆ ಅಸಹ್ಯ ಅಂದದ್ದು?"

"ಮೊದಲು ತಮಾಷೆ ಮಾಡಿದ್ದು ನೀವು. ನಾನೊಬ್ಳು ಬೇಕು ಅಂತ ಹೇಗೆ ಹೇಳುದು?"

ತಲೆವಸ್ತ್ರ ಸರಿ ಮಾಡಿಕೊಂಡು ಮತ್ತೆ, "ನಾಲ್ಕು ಸೀಟಿನಲ್ಲಿ ಒಂದು ನನಗೆ ಉಂಟಾ?"

"ಉಂಟು. ಅಜ್ಮೀರಿಗೆ ಹೊರಟವ್ರಿಗೆ ಹೇಳ್ಬೇಡ."

22-1-2025

ಆರ್‌ಸಿ ಬಂತು. ಕ್ಯಾಂಪರ್ ವ್ಯಾನ್, ನಾಲ್ಕು ಸೀಟು, ಸ್ವಂತಕ್ಕೆ. ಟ್ಯಾಕ್ಸು ಅವತ್ತೇ ಕಟ್ಟಿಸಿದೆ.

ಸಫೂರಾಳಿಗೆ ನಾನೇ ಫೋನ್ ಮಾಡಿದೆ. "ಸೋಮವಾರ ಬರ್ತೇನೆ. ಬಳೆ ಹೊರಗೆ ತೆಗೆದಿಡು. ಇಷ್ಟು ದಿನ ಯಾಕೆ ಬರ್ಲಿಲ್ಲ ಅಂತ ಅಲ್ಲಿ ಬಂದು ಹೇಳ್ತೇನೆ, ಶಫೀಕನ ಎದುರು." ಆ ಕಡೆಯಿಂದ ಮಗುವಿನ ಸ್ವರ ಕೇಳಿಸಿತು, ಫೋನು ಅದರ ಬಾಯಲ್ಲಿತ್ತು.

27-1-2025, ಬೆಳಗ್ಗೆ, ಗುಂಡ್ಯ ದಾಟಿ

ಘಾಟಿಯಲ್ಲಿ ಲಾರಿಗಳ ಸಾಲು. ಗಾಡಿ ನಿಂತಿದೆ. ಮಡಚುವ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಜಾಸಿರ್ ಸ್ಟೇರಿಂಗಿನಲ್ಲಿ. ನೆಬೀಸ, ನಾನು. ನಾಲ್ಕನೆಯ ಸೀಟು ಖಾಲಿ. ಬರುವಾಗ ಸಫೂರಾ ಮಕ್ಕಳನ್ನು ಕರೆದುಕೊಂಡು ಬರುತ್ತೇನೆಂದರೆ ಇರಲಿ. ದೊಡ್ಡವನು ಯಾರದ್ದಾದರೂ ಮಡಿಲಲ್ಲಿ... ಅಲ್ಲ, ಅದು ಲೆಕ್ಕಕ್ಕೆ ಬರುತ್ತದೋ ಏನೋ, ಯಜ್ಞೇಶ್ವರನಲ್ಲಿ ಕೇಳಬೇಕು.

ಕಡಬದಲ್ಲಿ ಒಂದು ಲೋಟ ನೀರು ಕುಡಿದೆ. ಮರ್ದಾಳದಲ್ಲಿ ಇನ್ನೊಂದು, ಆಸೆಗೆ. ದಾರಿಯಲ್ಲಿ ನೀರು ಕುಡಿದು ಎಷ್ಟು ವರ್ಷವಾಯಿತು.

ಮಗುವಿನ ಕೈ ದಪ್ಪವಾಗಿರಬಾರದು. ದಪ್ಪವಾಗಿದ್ದರೆ ಸೋಪು ಹಚ್ಚಿ ಬಳೆ ಹಾಕಬೇಕು.

ನೆಬೀಸ ಹಿಂಬದಿಯ ಕೋಣೆಗೆ ಹೋಗಿ ಬಹಳ ಹೊತ್ತಾಯಿತು. "ಇಲ್ಲಿ ಕನ್ನಡಿ ಕೂಡ ಉಂಟು ಅತ್ತಿಗೆ," ಎನ್ನುತ್ತಿದ್ದಾಳೆ ಒಳಗಿನಿಂದ. ಕನ್ನಡಿ ನೋಡುವ ಪ್ರಾಯ. ಬಾಗಿಲು ಬಡಿದೆ. ಬಂದೆ ಎನ್ನುತ್ತಾಳೆ, ಬರುವುದಿಲ್ಲ. ಎರಡನೆಯ ಲೋಟ ಕುಡಿಯಬಾರದಿತ್ತು. ಜಾಸಿರ್ ಮುಂದೆ ನೋಡಿಕೊಂಡೇ ನಗುತ್ತಿದ್ದಾನೆ, ಭುಜ ಅಲುಗುತ್ತಿದೆ. ನಗಲಿ. ಬೋಲ್ಟು ತೆಗೆದ ಸದ್ದು. ಉಳಿದದ್ದು ಮತ್ತೆ—