ಡೆಂಗ್ಯೂ ಅಲ್ಲ, ಅತ್ತೆ

ಸುವಾ, ನರ್ಸಿಂಗ್ ಹಾಸ್ಟೆಲ್
ಶುಕ್ರವಾರ

ಪ್ರೀತಿಯ ಮಕೆರೆತಾ ಅತ್ತೆಗೆ,

ಲೆವುಕಾದ ದೋಣಿಯಲ್ಲಿ ನೀವು ಕಳಿಸಿದ ಕೆಸುವಿನ ಗೆಡ್ಡೆ, ಮೀನು ತಲುಪಿದವು. ಗೆಳತಿಯರೆಲ್ಲ ಹಂಚಿಕೊಂಡು ತಿಂದೆವು.

ನಾನು ಇಷ್ಟು ದಿನ ವಾರ್ಡಿಗೆ ಹೋಗದಿದ್ದುದಕ್ಕೆ ಡೆಂಗ್ಯೂ ಕಾರಣವೆಂದು ಚರ್ಚಿನಲ್ಲಿ ಹೇಳಿದ್ದೀರಂತೆ. ನನ್ನ ಮರ್ಯಾದೆ ಉಳಿಸಲೆಂದೇ ಹೇಳಿದಿರಿ, ಗೊತ್ತು. ಆದರೆ ಹಾಸಿಗೆಯಿಂದ ಏಳಲಾಗದೆ ಗೋಡೆ ನೋಡುತ್ತ ಮಲಗಿದ್ದ ನನಗೆ ಜ್ವರವಿರಲಿಲ್ಲ.

ನಿನ್ನೆ ನಮ್ಮ ಮೇಲ್ವಿಚಾರಕಿ ಲಿತಿಯಾ ಸಿಸ್ಟರ್ ಬಳಿ ಹೋಗಿ ನಿಜ ಹೇಳಿದೆ. ಓದು ಬಿಡಿಸುತ್ತಾರೆಂದು ಹೆದರಿದ್ದೆ.

"ಡಾಕ್ಟರ್ ಹತ್ರ ಹೋಗ್ತಿದೀಯಾ? ಮಾತ್ರೆ ತಗೊಳ್ತಿದೀಯಾ?" ಎಂದು ಕೇಳಿದರು. ಹೂಂ ಎಂದೆ.

"ಮತ್ತೆ ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ಯೇನೇ? ಏನೂ ಮುಚ್ಚಿಡಬೇಡಿ ಅಂತ ರೋಗಿಗಳಿಗೆ ಹೇಳೋಳು ನೀನೇ ಅಲ್ವಾ? ಸೋಮವಾರ ಬಾ. ತಪ್ಪಿಸಿಕೊಂಡ ಪಾಳಿ ಎಲ್ಲಾ ರಜೆಯಲ್ಲಿ ಮಾಡಿಸ್ತೀನಿ, ಬಿಡೋಳಲ್ಲ ನಾನು!"

ಹಾಗಾಗಿ ಕ್ರಿಸ್‌ಮಸ್‌ಗೆ ಊರಿಗೆ ಬರಲಾಗದು. ಬೇಸರ ಮಾಡಿಕೊಳ್ಳಬೇಡಿ.

ಭಾನುವಾರ ಯಾರಾದರೂ ಕೇಳಿದರೆ, ಅವಳ ಮನಸ್ಸಿಗೆ ಕಾಯಿಲೆಯಾಗಿತ್ತು, ಚಿಕಿತ್ಸೆ ತೆಗೆದುಕೊಂಡು ಮತ್ತೆ ಓದುತ್ತಿದ್ದಾಳೆ ಎನ್ನಿ. ಮುಂದೆ ನಮ್ಮೂರಿಗೇ ನರ್ಸಾಗಿ ಬರುವವಳು ನಾನು. ನನ್ನ ಹಾಗೆ ಮಲಗಿಬಿಟ್ಟವರು ಅಲ್ಲಿಯೂ ಇರುತ್ತಾರೆ, ಅತ್ತೆ. ನನ್ನ ಬಾಗಿಲು ತಟ್ಟಲು ಅವರು ನಾಚಬಾರದು.

ನಿಮ್ಮ ಹಟಮಾರಿ
ವಸೀತಿ