ಎದಿಗೆ ಎಣ್ಣಿ ಹಚ್ಚಬ್ಯಾಡ್ರಿ

ಮಾವಾರಿಗೆ ಕುಸುಮಾ ಮಾಡೂ ನಮಸ್ಕಾರ.

ಮೊದಲನೇ ಬಸ್ಸಿಗೆ ಮಿರಜಿಗೆ ಡ್ಯೂಟಿಗೆ ಹೊಂಟೀನ್ರಿ. ನೀವು ಹತ್ತರ ಬಸ್ಸಿಗೆ ನಮ್ಮ ದವಾಖಾನಿಗೆ ಬರ್ರಿ. ಈ ಸಲ ಕಬ್ಬಿನ ನೆವ ಹೇಳಬ್ಯಾಡ್ರಿ. ನಿಮಗ ಎದಿ ಹಿಡದಂಗ ಆಗಿ ಮೂರು ವಾರ ಆತು.

ಉಪವಾಸ ಬರಬ್ಯಾಡ್ರಿ, ಇದು ರಕ್ತದ ತಪಾಸಣಿ ಅಲ್ಲ. ಸ್ವಲ್ಪ ಉಪ್ಪಿಟ್ಟು ತಿನ್ರಿ, ಚಹಾ ಬ್ಯಾಡ. ಜಳಕದಾಗ ಅತ್ತಿ ಎದಿಗೆ ಎಣ್ಣಿ ತಿಕ್ಕಾಕ ಬಂದ್ರ ಬ್ಯಾಡ ಅನ್ರಿ. ಜಿಡ್ಡಿನ ಮ್ಯಾಲೆ ಇಸಿಜಿ ವಾಯರ್ ಹಿಡಿಯೂದಿಲ್ಲ. ಇಸಿಜಿಗೆ ಸುಮ್ಮನ ಮಲಗೂದಷ್ಟ. ಕರೆಂಟ್ ಹೊಡಿಯೂದಿಲ್ಲ.

ಆಮೇಲೆ ಓಡೂ ಪಟ್ಟಾದ ಮ್ಯಾಲೆ, ಟ್ರೆಡ್‌ಮಿಲ್ ಅಂತಾರಲ್ಲ, ಅದರ ಮ್ಯಾಲೆ ನಡೀಬೇಕು. ಧೋತರ ಸಿಗಬೀಳತೈತಿ, ಪಾಯಿಜಾಮಾ ಹಾಕ್ಕೊಂಡು ಬರ್ರಿ. ಮೂರು ನಿಮಿಷಕ್ಕೊಮ್ಮೆ ಪಟ್ಟಾ ಜೋರ ಆಗತೈತಿ, ದಿಬ್ಬದಂಗ ಏರತೈತಿ. ದಮ್ಮು ಹತ್ತಿದ್ರ, ಎದಿ ನೋವಾದ್ರ ತಕ್ಷಣ ಹೇಳ್ರಿ. ಅದೇನು ಎತ್ತಿನ ಗಾಡಿ ಶರ್ಯತ್ತಲ್ಲ. ಡಾಕ್ಟರ್ ಬಾಜೂಕ ಇರ್ತಾರ.

"ಸೊಸಿ ಮುಂದ ಅಂಗಿ ಹೆಂಗ ಬಿಚ್ಚಲಿ?" ಅಂತ ನೀವು ಅತ್ತಿಗೆ ಅಂದದ್ದು ನನಗ ಕೇಳೇತಿ. ವಾಯರ್ ಹಚ್ಚಾಕ ಗಂಡಸ ಅದಾನ. ನಾನು ಪಡದಾದ ಆಚೆ ಮಶೀನ ನೋಡಕೋತ ಇರ್ತೀನಿ, ತಲಿ ಮ್ಯಾಲೆ ಸೆರಗ ಹಾಕ್ಕೊಂಡ.

ಆದ್ರ ನಡೀರಿ ಅಂದ್ರ ನಡೀಬೇಕು, ನಿಂದರ್ರಿ ಅಂದ್ರ ನಿಂದರಬೇಕು. ಆ ಖೋಲ್ಯಾಗ ನನ್ನ ಮಾತು ನಡೀತೈತಿ. ಬೀಗರೆಲ್ಲಾ ಮೂಗು ಮುರದಾಗ ಈ ಮಶೀನ ಕಲಿಯೂ ನನ್ನ ಕೋರ್ಸಿನ ಫಾರ್ಮಿಗೆ ಸಹಿ ಮಾಡಿದವರು ನೀವ.

ಓದೂ ಚಾಳೀಸ ಮರೀಬ್ಯಾಡ್ರಿ. ಬಾಗಲಾ ಬಾಜೂಕ ಒಂದು ಬೋರ್ಡ್ ಐತಿ. ನನ್ನ ಹೆಸರಿನ ಸಂಗಾಟ ನಿಮ್ಮ ಮನಿತನದ ಅಡ್ಡಹೆಸರೂ ಬರದಾರ. ಅದನ್ನ ಓದೇ ಒಳಗ ಬರ್ರಿ.