ಅಮ್ಮನ ಅಡ್ಜಸ್ಟ್

ಹೊಲಿಗೆ ಅಂಗಡಿಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಪಕ್ಕೆ ನೋವು ಹೇಗಿದೆ? ಮಗ್ಗುಲು ಬದಲಿಸುವಾಗ ಈಗಲೂ ಉಸಿರು ಹಿಡಿದುಕೊಳ್ಳುತ್ತೀಯಾ? ಹಾಸ್ಟೆಲಿನ ಊಟ ಸೇರುತ್ತಿದೆಯಾ? ಇಲ್ಲಿ ಅಪ್ಪನ ತುಟಿಗೆ ಹೊಲಿಗೆ ಬಿದ್ದಿದೆ. ಅದನ್ನು ಹೇಳಲೆಂದೇ ಕೂತಿದ್ದೇನೆ, ಗಾಬರಿಯಾಗಬೇಡ. ಡಾಕ್ಟರ ಹೊಲಿಗೆ ವಕ್ರವಾಗಿದೆಯೆಂದು ಕನ್ನಡಿ ನೋಡಿಕೊಂಡು ಮೂಗಿನಲ್ಲೇ ಗೊಣಗುತ್ತಿದ್ದಾರೆ.

ಭಾನುವಾರ ಗಂಡನ ಮನೆಗೆ ವಾಪಸ್ ಹೋಗುತ್ತೇನೆ, ಅಡ್ಜಸ್ಟ್ ಮಾಡಿಕೊಳ್ಳುತ್ತೇನೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅಂದಿನಿಂದ ಆ ಪದ ನನ್ನ ಕಿವಿಯಲ್ಲೇ ಕೂತಿದೆ. ನಮ್ಮ ಅಂಗಡಿಯಲ್ಲಿ ಅದು ದಾರಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಮಷಿನ್ನು ದಾರ ತುಂಡರಿಸಿದರೆ ತಿರುಪು ತಿರುಗಿಸಿ ಅಡ್ಜಸ್ಟ್. ಕೋಟು ಬಿಗಿಯಾದರೆ ಪಕ್ಕ ಬಿಚ್ಚಿ ಅಡ್ಜಸ್ಟ್. 'ನಾಳೆಗೇ ಬೇಕು, ಅಡ್ಜಸ್ಟ್ ಮಾಡಿ ಮಾಸ್ಟ್ರೇ' ಎನ್ನುವ ಗಿರಾಕಿ. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಸೊಂಟ ತೂರಿಸುತ್ತ 'ಚೂರು ಅಡ್ಜಸ್ಟ್' ಎನ್ನುವ ಮೂರನೆಯವಳು. ನಿನ್ನ ಗಂಡನ ಹೊಡೆತಕ್ಕೆ ನಿನ್ನ ಹಲ್ಲು ಮುರಿದ ದಿನ ಅಮ್ಮ ಹೇಳಿದ್ದೂ ಅದೇ: 'ಗಂಡಸು, ಸಿಟ್ಟಿರುತ್ತೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಮಗಳೇ.'

ನಿನ್ನೆ ಬೆಳಿಗ್ಗೆ ಭಾವ ಬಂದ. (ಬಂದರು ಎಂದು ಬರೆಯಲು ಕೈ ಬರುತ್ತಿಲ್ಲ.) ನೀನು ತಪ್ಪಿಸಿಕೊಂಡು ಸೇರಿರುವ ಹಾಸ್ಟೆಲಿನ ವಿಳಾಸ ಕೇಳಿದ. ಅಪ್ಪ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಬಟ್ಟೆ ಕತ್ತರಿಸುತ್ತಲೇ ಇದ್ದರು. ಅವನು ಅದೇ ಟೇಪನ್ನು ಬಿಗಿದು ಎಳೆದು ಅಪ್ಪನ ಮುಖವನ್ನು ಮೇಜಿಗೆ ಕುಟ್ಟಿದ. ಒಮ್ಮೆಯಲ್ಲ. ಬಿಳಿ ಬಟ್ಟೆಯೆಲ್ಲ ರಕ್ತ. ಕೂಗಲು ಬಾಯಿ ತೆರೆದೆ. ನಿನಗೆ ಗೊತ್ತಲ್ಲ ನನ್ನ ಬಾಯಿ, ಬರೀ ಗಾಳಿ ಬಂತು. ಅವನು ಎಡಗೈಯಲ್ಲಿ ನನ್ನ ಜಡೆ ಹಿಡಿದು, ತನ್ನ ಬಲ ಅಂಗೈಯನ್ನು ಮೇಜಿಗೆ ಊರಿ, 'ನೀನಾದ್ರೂ ಬೊಗಳೇ' ಎಂದ.

ಅಮ್ಮ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು. ಓಡಿ ಬರಲಿಲ್ಲ, ಕಿರುಚಲಿಲ್ಲ. ಹತ್ತಿರ ಬಂದು, ಕಾದ ಇಸ್ತ್ರಿಪೆಟ್ಟಿಗೆಯನ್ನು ಅವನ ಆ ಕೈಯ ಮೇಲಿಟ್ಟು ಮೈಭಾರವೆಲ್ಲ ಹಾಕಿ ಒತ್ತಿದಳು, ದಪ್ಪ ಕೋಟಿನ ಮಡಿಕೆ ಕೂರಿಸುವ ಹಾಗೆ. ಚುರ್ರೆಂದಿತು. ಆ ವಾಸನೆ ಇನ್ನೂ ಹೋಗಿಲ್ಲ. ಅವನು ಬಾಗಿಲಿನ ಗಾಜು ಒಡೆದುಕೊಂಡೇ ಹೊರಗೆ ಬಿದ್ದ. ಅಮ್ಮ ಪೆಟ್ಟಿಗೆಗೆ ಅಂಟಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಸ್ವಿಚ್ ಆರಿಸಿದಳು.

ಹೊತ್ತಿಗೆ ಸರಿಯಾಗಿ ಉಣ್ಣು, ಔಷಧಿ ಬಿಡಬೇಡ. ಅಪ್ಪ ತುಟಿ ನೋವಿಗೆ ಬರೀ ಕೈಯೆತ್ತಿ ಆಶೀರ್ವಾದ ತೋರಿಸುತ್ತಿದ್ದಾರೆ.

ನಿನ್ನ ತಂಗಿ,
ಮೂಗಿ

ವಿ.ಸೂ.: ಈಗಷ್ಟೇ ಪೊಲೀಸರು ಬಂದರು, ಅವನೇ ದೂರು ಕೊಟ್ಟಿದ್ದಾನೆ. ಕೈಜಾರಿತು ಅಂದುಬಿಡಿ ಎಂದು ಅವರೇ ಹೇಳಿಕೊಟ್ಟರೂ ಅಮ್ಮ, 'ಬೇಕಂತಲೇ ಒತ್ತಿದೆ, ಬರ್ಕೊಳ್ಳಿ' ಎನ್ನುತ್ತಿದ್ದಾಳೆ. ಅವರೊಂದಿಗೆ ಸ್ಟೇಷನ್ನಿಗೆ ಹೊರಡಲು ಚಪ್ಪಲಿ ಮೆಟ್ಟುತ್ತ ನಿನಗೆ ತಿಳಿಸೆಂದದ್ದು ಇಷ್ಟು: 'ಹಲ್ಲು ಮುರಿದ ದಿನ ನಾನಂದಿದ್ದು ಮರ್ತುಬಿಡು ಅನ್ನು. ಭಾನುವಾರ ಅವಳು ಅಲ್ಲಿಗೆ ಹೋಗಕೂಡ್ದು. ಎಡಗೈಲಿ ಶರ್ಟಿನ ಗುಂಡಿ ಹಾಕೋದು ಅವನು ಕಲೀಲಿ. ಇನ್ಮೇಲೆ ಅಡ್ಜಸ್ಟ್ ಅವನ್ದು.'